ಊ ಇಂದ ಆ ವರೆಗೆ: ನಾನೇ ಕಟ್ಟಿದ ವಾಹ್ ಪೆಡಲ್

ತುಟಿ ದುಂಡಗೆ ಮಾಡಿ 'ಊ' ಅಂತ ಶುರು ಮಾಡಿ. ನಿಧಾನವಾಗಿ ಬಾಯಿ ತೆರೆಯುತ್ತಾ 'ಆ' ಅನ್ನಿ. ಕಾಲಲ್ಲಿ ಒತ್ತುವ ವಾಹ್ ಪೆಡಲ್ ಎಂಬ ಸಾಧನ ಗಿಟಾರ್ ಕೈಲಿ ಮಾಡಿಸುವುದು ಇದನ್ನೇ. ಅರವತ್ತರ ದಶಕದ ಕೊನೆಯ ರೆಕಾರ್ಡಿಂಗ್‌ಗಳಲ್ಲಿ ಕೇಳಿದ ಆ ದನಿ ನನಗೆ ಬೇಕೇ ಬೇಕಿತ್ತು. ಅದಕ್ಕೆ ಆ ಕಾಲದ ಸರ್ಕ್ಯೂಟನ್ನೇ ಹಿಡಿದು ಕಟ್ಟಲು ಕೂತೆ.

ಸರ್ಕ್ಯೂಟ್ ದೊಡ್ಡದೇನಲ್ಲ. ಎರಡು ಟ್ರಾನ್ಸಿಸ್ಟರ್, 500 ಮಿಲಿಹೆನ್ರಿಯ ಇಂಡಕ್ಟರ್ (ತಂತಿಯ ಸುರುಳಿ), 100 ಕಿಲೋಓಮ್ ಪಾಟ್ (ತಿರುಗಿಸಿದಂತೆ ರೋಧ ಬದಲಾಗುವ ಭಾಗ), ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್, ಒಂದು 9 ವೋಲ್ಟ್ ಬ್ಯಾಟರಿ. ಒಂದೇ ಸಂಜೆಯಲ್ಲಿ ಬೆಸುಗೆ ಮುಗಿಯಿತು. ಪೆಡಲ್ ಕೆಲಸವನ್ನೂ ಮಾಡಿತು. ಆದರೆ ಮಾತಾಡಲಿಲ್ಲ. ಅರ್ಧ ದಾರಿ ಒತ್ತಿದರೂ ಬರೀ 'ಊ'. ಕೊನೆಗೆ ಬರುತ್ತಿದ್ದ ಹಾಗೆ ಒಮ್ಮೆಲೇ 'ಕ್ವಾಕ್' ಅಂತ ಜಿಗಿತ.

ನಾನು ಇಂಡಕ್ಟರ್ ಮೇಲೆ ಅನುಮಾನ ಪಟ್ಟೆ. ಹಳೇ ವಾಹ್ ಅಂದ ಕೂಡಲೇ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಾರೆ ಅಲ್ವಾ! ಹೇಲೋ, ಫಾಸೆಲ್ ಅಂತ ಹೆಸರುಗಳೇ ಒಂದು ರಾಶಿ. ಮೂರು ಇಂಡಕ್ಟರ್ ಬದಲಿಸಿದೆ. ಕಿವಿಗೊಟ್ಟು ಕೇಳಿದರೆ ಚೂರು ವ್ಯತ್ಯಾಸ ಇತ್ತು, ಜಿಗಿತ ಮಾತ್ರ ಹಾಗೇ ಇತ್ತು.

ಆಮೇಲೆ ಪೇಪರ್ ತಗೊಂಡು ಲೆಕ್ಕ ಹಾಕಿದೆ. ಇದನ್ನು ಮೊದಲೇ ಮಾಡಬೇಕಿತ್ತು. 500 ಮಿಲಿಹೆನ್ರಿ ಜೊತೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿದರೆ ಸುಮಾರು 2250 ಹರ್ಟ್ಜ್‌ನಲ್ಲಿ ದನಿ ಎದ್ದು ಕೇಳುತ್ತದೆ. ಮುಂಗಾಲು ಪೂರ್ತಿ ಒತ್ತಿದಾಗ ಬರುವ 'ಆ' ಅದು. ಹಿಮ್ಮಡಿ ಕಡೆ ವಾಲಿಸುತ್ತಾ ಹೋದರೆ ಪಾಟ್ ಮತ್ತು ಟ್ರಾನ್ಸಿಸ್ಟರ್ ಸೇರಿ ಆ ಕೆಪಾಸಿಟರ್ ಅನ್ನು ಇಪ್ಪತ್ತೈದು ಪಟ್ಟು ದೊಡ್ಡದೆಂಬಂತೆ ನಡೆಸಿಕೊಳ್ಳುತ್ತವೆ. ಆಗ ದನಿ 450 ಹರ್ಟ್ಜ್ ಹತ್ತಿರಕ್ಕೆ ಇಳಿಯುತ್ತದೆ. ನಾನು ಹಾಕಿದ್ದು ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿದ್ದ ಲೀನಿಯರ್ ಪಾಟ್, ಅಂದರೆ ಉದ್ದಕ್ಕೂ ಒಂದೇ ಸಮನಾಗಿ ಬದಲಾಗುವಂಥದ್ದು. ಅದರಲ್ಲಿ ಅರ್ಧ ತಿರುಗಿಸಿದರೂ ಲೆಕ್ಕದ ಪ್ರಕಾರ 620 ಹರ್ಟ್ಜ್ ಆಸುಪಾಸಿಗೆ ಮಾತ್ರ ಬಂದಿರುತ್ತೇವೆ. ಉಳಿದದ್ದೆಲ್ಲ ಮುಂದಿನ ಅರ್ಧದಲ್ಲಿ ತುರುಕಿಕೊಂಡಿರುತ್ತದೆ.

ಈ ಪೆಡಲ್ ಹುಟ್ಟಿದ್ದೇ ಪಾಟ್‌ನಿಂದ. 1966ರಲ್ಲಿ ಥಾಮಸ್ ಆರ್ಗನ್ ಕಂಪನಿಗಾಗಿ ವಾಕ್ಸ್ ಆಂಪ್ಲಿಫೈಯರ್ ಮೇಲೆ ಕೆಲಸ ಮಾಡುತ್ತಿದ್ದ ಬ್ರ್ಯಾಡ್ ಪ್ಲಂಕೆಟ್, ಮಧ್ಯದ ಸ್ವರಗಳನ್ನು ಎತ್ತುವ ಸ್ವಿಚ್‌ನ ಜಾಗಕ್ಕೆ ಪಾಟ್ ಇಟ್ಟರು. ತಿರುಗಿಸಿದಾಗ ಬಂದ ದನಿ ಕೇಳಿ ಅದನ್ನು ಆರ್ಗನ್‌ನ ವಾಲ್ಯೂಮ್ ಪೆಡಲ್ ಒಳಗೆ ಕೂರಿಸಿದರು. ಮಾರನೇ ವರ್ಷ ಕ್ಲೈಡ್ ಮೆಕಾಯ್ ಎಂಬ ಟ್ರಂಪೆಟ್ ವಾದಕರ ಹೆಸರಲ್ಲಿ ಪೆಡಲ್ ಮಾರುಕಟ್ಟೆಗೆ ಬಂತು.

ವಾಹ್‌ಗೆಂದೇ ಮಾಡಿದ ಪಾಟ್ ಬೇರೆ ಥರ. ಎರಡೂ ತುದಿಯಲ್ಲಿ ನಿಧಾನ, ನಡುವೆ ಚುರುಕು. ಅದನ್ನು ಹಾಕಿದ ಮೇಲೆ ಜಿಗಿತ ಹೋಯಿತು. ಆದರೂ 'ಆ' ಪೂರ್ತಿ ತೆರೆದುಕೊಳ್ಳಲಿಲ್ಲ. ಪೆಡಲ್ ಪೂರ್ತಿ ಒತ್ತಿದರೂ ಪಾಟ್ ಒಂದು ಭಾಗ ಮಾತ್ರ ತಿರುಗುತ್ತದೆ, ಯಾವ ಭಾಗ ಅನ್ನುವುದು ಪಾಟ್‌ನ ಹಲ್ಲುಚಕ್ರ ಪೆಡಲ್‌ನ ಹಲ್ಲುಪಟ್ಟಿಗೆ ಎಲ್ಲಿ ಕಚ್ಚಿಕೊಂಡಿದೆ ಅನ್ನುವುದರ ಮೇಲಿದೆ. ಪಾಟ್‌ನ ನಟ್ಟು ಸಡಿಲಿಸಿ, ಚಕ್ರವನ್ನು ಹಲ್ಲುಪಟ್ಟಿಯಿಂದ ಬಿಡಿಸಿ, ಒಂದೊಂದೇ ಹಲ್ಲು ಸರಿಸುತ್ತಾ ಕೇಳಿದೆ. ನನಗೆ ಎರಡು ಹಲ್ಲು ಸಾಕಾಯಿತು. ಇಡೀ ಕೆಲಸದಲ್ಲಿ ಕಿವಿಗೆ ಅತಿ ಹೆಚ್ಚು ಸಿಕ್ಕಿದ್ದು ಇಲ್ಲೇ. ಖರ್ಚು ಮಾತ್ರ ಏನೂ ಇಲ್ಲ.

ಇನ್ನು ಇಂಡಕ್ಟರ್‌ಗೆ ಅಡ್ಡವಾಗಿರುವ 33 ಕಿಲೋಓಮ್ ರೆಸಿಸ್ಟರ್. ದನಿ ಎಷ್ಟು ಚೂಪಾಗಬೇಕು ಅನ್ನುವುದು ಹೆಚ್ಚಾಗಿ ಇದರ ಕೈಲಿದೆ. ಇಂಡಕ್ಟರ್ ಬದಲಿಸಿದಾಗ ವ್ಯತ್ಯಾಸ ಅಷ್ಟು ಕಡಿಮೆ ಕೇಳಿದ್ದಕ್ಕೂ ಇದೇ ಕಾರಣ. ಅಲ್ಲಿ ಸಾಕೆಟ್ ಹಾಕಿ ಬೇರೆ ಬೇರೆ ಕಿಲೋಓಮ್‌ನ ರೆಸಿಸ್ಟರ್ ಇಟ್ಟು ನೋಡಿದೆ. 68 ಕಿಲೋಓಮ್‌ಗೆ ಮೂಗಿನಿಂದ ಹಾಡಿದ ಹಾಗಾಯಿತು. 47ಕ್ಕೆ ನಿಲ್ಲಿಸಿದೆ.

ಹಳೆಯದರಲ್ಲಿ ಒಂದನ್ನು ಮಾತ್ರ ನಾನು ಬೇಕೆಂದೇ ಬಿಟ್ಟೆ, ಬೈಪಾಸ್ ಸ್ವಿಚ್, ಅಂದರೆ ಪೆಡಲ್ ಆನ್-ಆಫ್ ಮಾಡುವ ಸ್ವಿಚ್. ಆ ಕಾಲದಲ್ಲಿ ಪೆಡಲ್ ಆಫ್ ಮಾಡಿದರೂ ಸರ್ಕ್ಯೂಟ್ ಗಿಟಾರ್‌ಗೆ ಜೋತುಬಿದ್ದಿರುತ್ತಿತ್ತು, ದನಿಯ ಹೊಳಪು ಹೋಗುತ್ತಿತ್ತು. ಎರಡೂ ಕಡೆ ಕಡಿಯುವ ಸ್ವಿಚ್ ಹಾಕಿದರೆ ಆಯಿತು. ಇನ್ನೊಂದು ತೊಂದರೆ ಬಂದದ್ದು ವಾಹ್ ನಂತರ ಹಳೇ ಮಾದರಿಯ ಫಜ್ (ದನಿಯನ್ನು ಒರಟಾಗಿಸುವ ಪೆಡಲ್) ಇಟ್ಟಾಗ. ಊ-ಆ ಎಲ್ಲ ಮಾಯವಾಗಿ ಬರೀ ಕೀರಲು ಉಳಿಯಿತು. ವಾಹ್‌ನ ಔಟ್‌ಪುಟ್‌ಗೆ ಎರಡು ಪೆಡಲ್‌ಗಳನ್ನು ಬೇರ್ಪಡಿಸುವ, ಒಂದೇ ಟ್ರಾನ್ಸಿಸ್ಟರ್‌ನ ಬಫರ್ ಸೇರಿಸಿದೆ, ತೊಂದರೆ ನಿಂತಿತು.

ಈಗ ಪ್ರತಿ ತಾಳಕ್ಕೂ ಕಾಲು ಕುಣಿಸುವುದನ್ನು ಕಡಿಮೆ ಮಾಡಿದ್ದೇನೆ. ನಡುವೆ ಒಂದು ಜಾಗವಿದೆ. ಅಲ್ಲಿ ಗಿಟಾರ್ 'ಓ' ಅನ್ನುತ್ತದೆ. ಲೀನಿಯರ್ ಪಾಟ್ ಇದ್ದಾಗ ಅದು ಕಾಲಿಗೆ ಸಿಗುತ್ತಲೇ ಇರಲಿಲ್ಲ. ಈಗ ಅಲ್ಲೇ ಕಾಲು ನಿಲ್ಲಿಸಿ ಇಡೀ ಸೋಲೋ ನುಡಿಸುತ್ತೇನೆ. ಕೊನೆಯ ಸ್ವರಕ್ಕೆ ಮಾತ್ರ ಬಾಯಿ ತೆರೆಸುತ್ತೇನೆ.