ಹಳೆಯ ಡೆಸ್ಕ್‌ಟಾಪ್‌ನಲ್ಲಿ ನನ್ನದೇ ಪುಟ್ಟ ಕ್ಲೌಡ್

ಸರ್ವರ್ ಕೆಲಸ ಕಲಿಯಲು ಮೊದಲ ದಿನವೇ ಕ್ಲೌಡ್‌ಗೆ ಬಾಡಿಗೆ ಕಟ್ಟಬೇಕಿಲ್ಲ. ನಾನು ಜಾಸ್ತಿ ಕಲಿತಿದ್ದು ಮನೆಯ ಹಳೆಯ ಡೆಸ್ಕ್‌ಟಾಪ್ ಮೇಲೆ, ಕೆವಿಎಂ ಓಡಿಸುತ್ತಾ. ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಯಂತ್ರಗಳನ್ನು, ಅಂದರೆ ವಿಎಂಗಳನ್ನು, ಓಡಿಸುವ ವ್ಯವಸ್ಥೆ ಅದು. ಕೆವಿಎಂ 2007ರಲ್ಲಿ, 2.6.20 ಆವೃತ್ತಿಯಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಸೇರಿತು. ಹಾಗಾಗಿ ದುಡ್ಡು ಕೊಟ್ಟು ಬೇರೆ ಹೈಪರ್‌ವೈಸರ್ (ವಿಎಂ ಓಡಿಸುವ ತಂತ್ರಾಂಶ) ತರುವ ಅಗತ್ಯವಿಲ್ಲ. ವಿಎಂ ಬಾಡಿಗೆ ಕೊಡುವ ಗೂಗಲ್‌ನ ಕಂಪ್ಯೂಟ್ ಎಂಜಿನ್ ನಿಂತಿರುವುದೂ ಕೆವಿಎಂ ಮೇಲೆಯೇ. ಮನೆಯಲ್ಲಿ ಕಲಿತದ್ದು ಅಲ್ಲೂ ಕೆಲಸಕ್ಕೆ ಬರುತ್ತದೆ, ಅಲ್ವಾ?

ಮೊದಲು ಪ್ರೊಸೆಸರ್ ನೋಡಿಕೊಳ್ಳಿ. ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟಾಗ ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಎಂಡಿ-ವಿ ಎಂದು ಬರಬೇಕು. ಬರದಿದ್ದರೆ, ಅಥವಾ ಬಂದರೂ ಕೆವಿಎಂ ಏಳದಿದ್ದರೆ, ಬಯಾಸ್‌ಗೆ (ಯಂತ್ರ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್‌ಗೆ) ಹೋಗಿ ವರ್ಚುವಲೈಸೇಶನ್ ಆನ್ ಮಾಡಿ. ನನ್ನ ಯಂತ್ರದಲ್ಲಿರುವುದು 8 ಜಿಬಿ ರ್‍ಯಾಮ್. ಗ್ರಾಫಿಕ್ಸ್ ಏನೂ ಇಲ್ಲದ ಬರೀ ಡೆಬಿಯನ್ ಲಿನಕ್ಸ್ ಹಾಕಿದ್ದೇನೆ. ತಲಾ 1 ಜಿಬಿಯ ನಾಲ್ಕೈದು ವಿಎಂ ಆರಾಮಾಗಿ ಓಡುತ್ತವೆ. ಡಿಸ್ಕ್‌ಗೂ ನೆಟ್‌ವರ್ಕ್‌ಗೂ ವಿಎಂಗಾಗಿಯೇ ಮಾಡಿದ ವರ್ಟ್‌ಐಓ ಡ್ರೈವರ್ ಆರಿಸಿಕೊಳ್ಳಿ, ವೇಗದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಕ್ಯೂಕೌ2 (qcow2) ಇಮೇಜ್‌ಗಳ ಒಂದು ಗುಣ. ಇಮೇಜ್ ಎಂದರೆ ವಿಎಂಗೆ ಡಿಸ್ಕ್ ಆಗಿ ಕೆಲಸ ಮಾಡುವ ಫೈಲ್. ಡೆಬಿಯನ್ ಅನ್ನು ಒಂದೇ ಸಲ ಇನ್‌ಸ್ಟಾಲ್ ಮಾಡಿ, ಅಪ್‌ಡೇಟ್ ಕೊಟ್ಟು, ಅದನ್ನೇ ಮೂಲ ಇಮೇಜ್ ಎಂದು ಇಟ್ಟುಕೊಳ್ಳುತ್ತೇನೆ. ಹೊಸ ವಿಎಂ ಬೇಕಾದಾಗ ಅದರ ಮೇಲೆ ಒಂದು ಪದರ ಹಾಕಿದರೆ ಸಾಕು. ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಬರೆದ ಹಾಗೆ, ಬದಲಾವಣೆಗಳೆಲ್ಲ ಮೇಲಿನ ಪದರದಲ್ಲೇ ಉಳಿಯುತ್ತವೆ. ಆ ಪದರ ಶುರುವಿನಲ್ಲಿ ಕೆಲವು ನೂರು ಕೆಬಿ ಮಾತ್ರ. ಕ್ಷಣದಲ್ಲಿ ತಯಾರು, ಕೆಟ್ಟರೆ ಅಳಿಸಿ ಇನ್ನೊಂದು ಹಾಕಬಹುದು. ಆದರೆ ಪದರ ಹಾಕಿದ ಮೇಲೆ ಮೂಲ ಇಮೇಜನ್ನು ಯಾವತ್ತೂ ಬೂಟ್ ಮಾಡಬಾರದು. ಅದು ಸ್ವಲ್ಪ ಬದಲಾದರೂ ಮೇಲಿನ ಪದರಗಳು ಹಾಳಾಗುತ್ತವೆ. ನಾನು ಅದಕ್ಕೆ ರೀಡ್-ಓನ್ಲಿ ಅನುಮತಿ ಕೊಟ್ಟು ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ.

ಹೀಗೆ ಪದರ ಹಾಕಿ ನಕಲು ಮಾಡುವ ಮುಂಚೆ ಮೂಲ ಇಮೇಜ್‌ನ ಗುರುತು ಅಳಿಸಬೇಕು. ಇಟಿಸಿ ಫೋಲ್ಡರ್ ಒಳಗಿನ ಮಷೀನ್-ಐಡಿ ಫೈಲನ್ನು (/etc/machine-id) ಖಾಲಿ ಮಾಡಿ, ಡಿಲೀಟ್ ಮಾಡಬೇಡಿ. ಎರಡು ವಿಎಂಗಳಿಗೆ ಒಂದೇ ಮಷೀನ್-ಐಡಿ ಇದ್ದರೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಇಬ್ಬರಿಗೂ ಒಂದೇ ಐಪಿ ಸಿಗಬಹುದು. ಆಗ ತೊಂದರೆ ಎಲ್ಲಿದೆ ಎಂದು ಹುಡುಕಿ ಸುಸ್ತಾಗುತ್ತದೆ. ದೂರದಿಂದ ಲಾಗಿನ್ ಆಗುವಾಗ ಯಂತ್ರದ ಗುರುತು ಹೇಳುವ ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ ತೆಗೆದು, ಮೊದಲ ಬೂಟ್‌ನಲ್ಲಿ ಹೊಸದಾಗಿ ಹುಟ್ಟುವಂತೆ ಮಾಡಿ. ಅಳಿಸುವ ಕೆಲಸಕ್ಕೆ ವರ್ಟ್-ಸಿಸ್‌ಪ್ರೆಪ್ ಎಂಬ ಸಾಧನವೇ ಇದೆ.

ವಿಎಂನ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟ್ ಬಗ್ಗೆ ಒಂದೇ ಮಾತು. ಅದೂ ಅದೇ ಡಿಸ್ಕ್‌ನಲ್ಲಿ ಇರುತ್ತದೆ, ಡಿಸ್ಕ್ ಹೋದರೆ ಅದೂ ಹೋಗುತ್ತದೆ. ಬ್ಯಾಕಪ್ ಬೇರೆ ಡಿಸ್ಕ್‌ಗೆ ಹೋಗಲೇಬೇಕು.

ಈ ತಿಳಿವಳಿಕೆ ಬಾಡಿಗೆ ಸರ್ವರ್‌ನಲ್ಲಿ ಕೈ ಹಿಡಿಯಿತು. ನನ್ನದೊಂದು ಕ್ಲೌಡ್ ವಿಎಂ ಸುಮ್ನೆ ನಿಧಾನವಾಗುತ್ತಿತ್ತು. ಟಾಪ್ ಕಮಾಂಡ್‌ನಲ್ಲಿ ಸಿಪಿಯು ಸಾಲಿನ ಕೊನೆಗೆ ಎಸ್‌ಟಿ (st) ಎಂಬ ಅಂಕಿ ಇರುತ್ತದೆ. ನಮಗೆ ಸಿಪಿಯು ಬೇಕಿದ್ದರೂ ಹೋಸ್ಟ್ (ವಿಎಂಗಳನ್ನು ಹೊತ್ತ ನಿಜವಾದ ಯಂತ್ರ) ಕೊಡದೆ ಕಾಯಿಸಿದ ಸಮಯ ಅದು. ಅದು ಎರಡಂಕಿಗೆ ಏರಿ ಅಲ್ಲೇ ನಿಂತಿತ್ತು. ಅಂದರೆ ನಮ್ಮ ಅಪ್ಲಿಕೇಶನ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ವಿಎಂ ಪೂರ್ತಿ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದೆ. ಹಾಗೆ ಮಾಡಿದಾಗ ಸಾಮಾನ್ಯವಾಗಿ ಬೇರೆ ಹೋಸ್ಟ್‌ಗೆ ಹೋಗುತ್ತದೆ, ಬರೀ ರೀಬೂಟ್‌ನಿಂದ ಹೋಗುವುದಿಲ್ಲ. ಎಸ್‌ಟಿ ಸೊನ್ನೆಗೆ ಇಳಿಯಿತು.

ದಿನಾ ಬೇಕಾಗುವ ಇನ್ನೊಂದು ಉಪಾಯ: ಡಿಎಫ್ (df) ಕಮಾಂಡ್ ಡಿಸ್ಕ್ ತುಂಬಿದೆ ಎನ್ನುತ್ತದೆ, ಫೈಲ್‌ಗಳ ಗಾತ್ರ ಕೂಡುವ ಡಿಯು (du) ಲೆಕ್ಕ ಹಾಕಿದರೆ ಅಷ್ಟು ಫೈಲೇ ಇಲ್ಲ. ಆಗ ಎಲ್‌ಎಸ್‌ಓಎಫ್‌ಗೆ ಪ್ಲಸ್ ಎಲ್1 ಸೇರಿಸಿ (lsof +L1) ಓಡಿಸಿ. ಅಳಿಸಿದರೂ ಯಾವುದೋ ಪ್ರೋಗ್ರಾಂ ಬಿಡದೆ ಹಿಡಿದುಕೊಂಡಿರುವ ಫೈಲ್‌ಗಳು ಅಲ್ಲಿ ಸಿಗುತ್ತವೆ. ಹೆಚ್ಚಿನ ಸಲ ಅದು ಹಳೆಯ ಲಾಗ್. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುಗಡೆಯಾಗುತ್ತದೆ.

ಮನೆಯಲ್ಲಿ ಸರ್ವರ್ ಇಟ್ಟವರಿಗೆ ಮಳೆಗಾಲದ ಕರೆಂಟೇ ದೊಡ್ಡ ಚಿಂತೆ. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಅನ್ನು ಹೋಸ್ಟ್‌ಗೆ ಸಿಕ್ಕಿಸಿ, ಬ್ಯಾಟರಿ ಇಳಿದಾಗ ತಾನೇ ಶಟ್‌ಡೌನ್ ಆಗುವಂತೆ ಇಟ್ಟಿದ್ದೇನೆ. ಲಿಬ್‌ವರ್ಟ್-ಗೆಸ್ಟ್ಸ್ ಸರ್ವಿಸ್ ಆನ್ ಇದ್ದರೆ, ಹೋಸ್ಟ್ ಆಫ್ ಆಗುವ ಮುಂಚೆ ವಿಎಂಗಳಿಗೂ ಸರಿಯಾಗಿ ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಸಸ್ಪೆಂಡ್ ಬದಲು ಶಟ್‌ಡೌನ್ ಎಂದು ಬರೆಯಿರಿ, ಡೇಟಾಬೇಸ್ ಇರುವ ವಿಎಂಗೆ ಅದೇ ಕ್ಷೇಮ.