ಕಿಡ್ನಿ ಸೋತ ಮುದಿ ಬೆಕ್ಕು ತಟ್ಟೆ ಮುಟ್ಟದಿದ್ದಾಗ

ಹನ್ನೆರಡು ಹದಿಮೂರು ವರ್ಷ ದಾಟಿದ ಬೆಕ್ಕಿನ ರಕ್ತ ಪರೀಕ್ಷೆ ಮಾಡಿಸಿದಾಗ ಕಿಡ್ನಿ ಸೋಲುತ್ತಿರುವುದು ಗೊತ್ತಾಗುತ್ತದೆ. ವೈದ್ಯರು ರೀನಲ್ ಆಹಾರ, ಅಂದರೆ ಕಿಡ್ನಿ ಕಾಯಿಲೆಗೆಂದೇ ಮಾಡಿದ ಪಥ್ಯದ ಊಟ, ಬರೆದುಕೊಡುತ್ತಾರೆ. ದುಬಾರಿ ಪ್ಯಾಕೆಟ್ ತಂದು ತಟ್ಟೆಗೆ ಸುರಿದರೆ ಬೆಕ್ಕು ಒಮ್ಮೆ ಮೂಸಿ, ತಟ್ಟೆಯ ಸುತ್ತ ನೆಲ ಕೆರೆದು ಹೊರಟುಹೋಗುತ್ತದೆ. ‘ಹಸಿವಾದರೆ ತಾನೇ ತಿನ್ನುತ್ತೆ’ ಎಂದು ಹಳೆಯ ಊಟವನ್ನು ಎತ್ತಿಡುವವರೇ ಹೆಚ್ಚು. ಬೆಕ್ಕಿನ ವಿಷಯದಲ್ಲಿ ಇದನ್ನು ಮಾಡಲೇಬಾರದು. ಎರಡು ಮೂರು ದಿನ ಉಪವಾಸ ಬಿದ್ದರೆ ದೇಹ ತನ್ನ ಕೊಬ್ಬನ್ನು ಕರಗಿಸಿ ಲಿವರ್‌ಗೆ ಕಳಿಸುತ್ತದೆ. ಅಷ್ಟನ್ನು ನಿಭಾಯಿಸಲಾಗದೆ ಲಿವರ್‌ನಲ್ಲೇ ಕೊಬ್ಬು ತುಂಬಿಕೊಂಡು ಅದು ಕೆಲಸ ನಿಲ್ಲಿಸುತ್ತದೆ. ದಪ್ಪಗಿರುವ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಮುಂದೆ ಹೇಳುವ ಎಲ್ಲದಕ್ಕೂ ಅಡಿಪಾಯ ಇದು: ತಿನ್ನದೆ ಬಿಟ್ಟ ಪಥ್ಯಕ್ಕಿಂತ ತಿಂದ ಹಳೆಯ ಊಟ ಮೇಲು. 24 ಗಂಟೆ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಿ, ಎರಡನೇ ದಿನಕ್ಕೆ ಬಿಡಬೇಡಿ.

ಮೊದಲು ಕಾರಣ ಹುಡುಕಿ

ಮುದಿ ಬೆಕ್ಕು ಊಟ ಬಿಟ್ಟರೆ ಅದನ್ನು ನಖರಾ ಎಂದುಕೊಳ್ಳುವುದು ಸುಲಭ. ಬಹಳ ಸಲ ಅದು ನಖರಾ ಅಲ್ಲ, ನೋವು ಅಥವಾ ವಾಕರಿಕೆ. ಊಟದ ಹೊತ್ತಿನಲ್ಲಿ ಹತ್ತು ನಿಮಿಷ ಸುಮ್ಮನೆ ಕೂತು ನೋಡಿ.

ಆಸೆಯಿಂದ ಬಂದು, ಮೂಸಿ, ತುಟಿ ನೆಕ್ಕಿಕೊಂಡು ಅಥವಾ ಜೊಲ್ಲು ಸುರಿಸಿ ಮುಖ ತಿರುಗಿಸಿದರೆ ಅದು ವಾಕರಿಕೆ. ಕಿಡ್ನಿ ಸೋಸದೆ ಉಳಿದ ಕಲ್ಮಶ ರಕ್ತದಲ್ಲಿ ಸೇರಿದಾಗ ಹೀಗಾಗುತ್ತದೆ. ಇದಕ್ಕೆ ಆಹಾರ ಬದಲಿಸಿ ಪ್ರಯೋಜನವಿಲ್ಲ. ಮಾರೊಪಿಟಂಟ್ ಅಥವಾ ಒಂಡಾನ್‌ಸೆಟ್ರಾನ್‌ನಂಥ ವಾಕರಿಕೆ ತಡೆಯುವ ಔಷಧ ಬೇಕು, ಹಸಿವು ಹೆಚ್ಚಿಸಲು ಮಿರ್ಟಾಜಪಿನ್ ಕೊಡುವುದೂ ಉಂಟು. ಎಲ್ಲಕ್ಕೂ ವೈದ್ಯರೇ ತೂಕ ನೋಡಿ ಪ್ರಮಾಣ ಹೇಳಬೇಕು. ಮನುಷ್ಯರಿಗೆ ಕೊಡುವ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಹಾಕಬೇಡಿ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿನ ಜೀವವನ್ನೇ ತೆಗೆಯುತ್ತದೆ.

ತಿನ್ನಲು ಶುರು ಮಾಡಿ, ತಲೆ ಒಂದು ಕಡೆ ವಾಲಿಸಿ ಅಗಿದು, ತುತ್ತನ್ನು ಬೀಳಿಸಿ, ಗುರ್ ಎಂದು ಹಿಂದೆ ಸರಿದರೆ ಹಲ್ಲು ಅಥವಾ ವಸಡಿನ ನೋವು. ಬಾಯಿ ತೋರಿಸುವವರೆಗೆ ಡ್ರೈ ಫುಡ್ ಅನ್ನು ಉಗುರುಬೆಚ್ಚಗಿನ ನೀರಿನಲ್ಲಿ 10ರಿಂದ 15 ನಿಮಿಷ ನೆನೆಸಿ, ಫೋರ್ಕಿನಿಂದ ಹಿಸುಕಿ ಕೊಡಿ.

ಎರಡು ದಿನಕ್ಕೂ ಹೆಚ್ಚು ಮಲ ವಿಸರ್ಜನೆ ಆಗದಿದ್ದರೂ ಹಸಿವು ಸಾಯುತ್ತದೆ. ಕಿಡ್ನಿ ಸೋತ ಬೆಕ್ಕು ಮೂತ್ರದಲ್ಲಿ ಬಹಳ ನೀರು ಕಳೆದುಕೊಳ್ಳುವುದರಿಂದ ಮಲ ಒಣಗಿ ಗಟ್ಟಿಯಾಗುವುದು ಸಾಮಾನ್ಯ. ತಲೆ ಎತ್ತಲಾಗದೆ ಕತ್ತು ಜೋಲುಬಿದ್ದಂತೆ ಕಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದಿರಬಹುದು. ಅವತ್ತೇ ಆಸ್ಪತ್ರೆಗೆ ಒಯ್ಯಿರಿ.

ತಟ್ಟೆಯನ್ನೂ ನೋಡಿ. ಆಳವಾದ ಬಟ್ಟಲಿನ ಬದಲು ಅಗಲವಾದ ಸಾಸರ್ ಇಡಿ. ಮಂಡಿ, ಬೆನ್ನು ಹಿಡಿದುಕೊಂಡ ಬೆಕ್ಕಿಗೆ ತಟ್ಟೆಯನ್ನು ನಾಲ್ಕು ಬೆರಳಿನಷ್ಟು ಎತ್ತರದಲ್ಲಿ, ಒಂದು ಮಣೆಯ ಮೇಲೆ ಇಟ್ಟರೆ ಬಗ್ಗುವ ಕಷ್ಟ ತಪ್ಪುತ್ತದೆ. ಲಿಟರ್ ಟ್ರೇ ಹತ್ತಿರ ಊಟ ಇಡಬೇಡಿ. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಮುದುಕನಿಗೆ ಬೇರೆ ಕೋಣೆ, ಮುಚ್ಚಿದ ಬಾಗಿಲು.

ಪಥ್ಯ ಏಕೆ, ಎಷ್ಟು

ರೀನಲ್ ಆಹಾರದ ಮುಖ್ಯ ಗುಣ ಫಾಸ್ಫರಸ್, ಅಂದರೆ ರಂಜಕ, ಕಡಿಮೆ ಇರುವುದು. ಸೋತ ಕಿಡ್ನಿಗೆ ಫಾಸ್ಫರಸ್ ಹೊರಹಾಕಲು ಆಗುವುದಿಲ್ಲ. ಅದು ರಕ್ತದಲ್ಲಿ ಏರಿದಷ್ಟೂ ಉಳಿದ ಕಿಡ್ನಿ ಬೇಗ ಹಾಳಾಗುತ್ತದೆ. ಪ್ರೋಟೀನ್ ಸ್ವಲ್ಪ ಮಿತವಾಗಿದ್ದರೂ ಒಳ್ಳೆಯ ಗುಣಮಟ್ಟದ್ದಾಗಿರುತ್ತದೆ. ‘ಕಿಡ್ನಿ ಅಂದಮೇಲೆ ಪ್ರೋಟೀನೇ ಬೇಡ’ ಎಂದು ಬರೀ ಅನ್ನ ಹಾಕಿದರೆ ಬೆಕ್ಕಿನ ಮಾಂಸಖಂಡವೇ ಕರಗುತ್ತದೆ.

ಐಆರ್‌ಐಎಸ್ ಎಂಬ ಅಂತರರಾಷ್ಟ್ರೀಯ ತಜ್ಞರ ತಂಡ ಈ ಕಾಯಿಲೆಯನ್ನು ನಾಲ್ಕು ಹಂತ ಮಾಡಿದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ರಕ್ತದಲ್ಲಿ 1.6ರಿಂದ 2.8 (ಮಿಲಿಗ್ರಾಂ/ಡೆಸಿಲೀಟರ್) ಇದ್ದರೆ ಎರಡನೇ ಹಂತ, 2.9ರಿಂದ 5.0 ಮೂರನೆಯದು, ಅದಕ್ಕೂ ಮೇಲೆ ನಾಲ್ಕನೆಯದು. ಸಾಮಾನ್ಯವಾಗಿ ಎರಡನೇ ಹಂತದಿಂದ ಪಥ್ಯ ಶುರು. ಬಡಕಲಾದ ಮುದಿ ಬೆಕ್ಕಿನಲ್ಲಿ ಮಾಂಸಖಂಡ ಕಡಿಮೆಯಿರುವ ಕಾರಣಕ್ಕೆ ಕ್ರಿಯಾಟಿನಿನ್ ಇರಬೇಕಾದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸದ ಎಸ್‌ಡಿಎಂಎ ಎಂಬ ರಕ್ತ ಪರೀಕ್ಷೆಯನ್ನೂ ಕೇಳಿ. ಥೈರಾಯ್ಡ್ ಏರಿದ್ದರೂ ಕಿಡ್ನಿಯ ಸೋಲು ಮರೆಯಾಗಿರುತ್ತದೆ. ಚೆನ್ನಾಗಿ ತಿಂದೂ ಸೊರಗುವ ಮುದಿ ಬೆಕ್ಕಿಗೆ ಅದನ್ನು ಪರೀಕ್ಷಿಸಲೇಬೇಕು. ಸಕ್ಕರೆ ಕಾಯಿಲೆಯೂ ಇದ್ದರೆ ಊಟದ ಲೆಕ್ಕವೇ ಬೇರೆ, ಇಲ್ಲಿ ಬರೆದದ್ದನ್ನು ಹಾಗೇ ಅನುಸರಿಸಬೇಡಿ.

ನಮ್ಮಲ್ಲಿ ಸಿಗುವ ರೀನಲ್ ಆಹಾರಗಳಲ್ಲಿ ರಾಯಲ್ ಕ್ಯಾನಿನ್ ರೀನಲ್, ಹಿಲ್ಸ್ ಕೆ/ಡಿ, ಫಾರ್ಮಿನಾ ವೆಟ್ ಲೈಫ್ ರೀನಲ್ ಪರಿಚಿತ. ಮೂರೂ ಬೇರೆ ಬೇರೆ ವಾಸನೆ, ಬೇರೆ ಬೇರೆ ಕಾಳು. ಒಂದನ್ನು ಬೇಡವೆಂದ ಬೆಕ್ಕು ಇನ್ನೊಂದನ್ನು ತಿನ್ನಬಹುದು. ಮೊದಲೇ ದೊಡ್ಡ ಚೀಲ ತರದೆ ಚಿಕ್ಕ ಪ್ಯಾಕೆಟ್‌ಗಳಿಂದ ಶುರು ಮಾಡಿ.

ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಕನಿಷ್ಠ 200 ಕಿಲೋಕ್ಯಾಲೊರಿ ಬೇಕು. ಡ್ರೈ ಫುಡ್ ಒಂದು ಗ್ರಾಮಿಗೆ ಸುಮಾರು 4 ಕಿಲೋಕ್ಯಾಲೊರಿ, ಅಂದರೆ 50 ಗ್ರಾಂ. ಇಲ್ಲವೇ 25 ಗ್ರಾಂ ಡ್ರೈ ಜೊತೆಗೆ ವೆಟ್ ಫುಡ್‌ನ ಒಂದು ಪೌಚ್. ಪೌಚ್‌ನ ಕ್ಯಾಲೊರಿ ಅದರ ಮೇಲೇ ಬರೆದಿರುತ್ತದೆ, ಕೂಡಿಸಿ ನೋಡಿ. ‘ಒಂದು ಹಿಡಿ’ಯ ಲೆಕ್ಕ ಬಿಟ್ಟು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಸಾಧ್ಯವಾದಷ್ಟು ವೆಟ್ ಫುಡ್ ಕೊಡಿ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು, ಡ್ರೈ ಫುಡ್‌ನಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ. ಕಿಡ್ನಿ ಸೋತ ಬೆಕ್ಕಿಗೆ ನೀರೇ ಅರ್ಧ ಔಷಧ.

ಹೊಸ ಊಟಕ್ಕೆ ದಾಟಿಸುವುದು

ವಾಂತಿ, ನಿತ್ರಾಣದ ದಿನಗಳಲ್ಲಿ ಪಥ್ಯ ಶುರು ಮಾಡಬೇಡಿ. ಹೊಟ್ಟೆ ತೊಳಸುವಾಗ ಮೂಸಿದ ಊಟವನ್ನು ಬೆಕ್ಕು ಆ ಸಂಕಟಕ್ಕೇ ಗಂಟು ಹಾಕಿಕೊಳ್ಳುತ್ತದೆ. ಆಮೇಲೆ ಆರೋಗ್ಯ ಸುಧಾರಿಸಿದರೂ ಆ ವಾಸನೆ ಬಂದರೆ ಓಡುತ್ತದೆ. ಮೊದಲು ವಾಕರಿಕೆ ತಗ್ಗಲಿ, ಹಳೆಯ ಊಟವನ್ನೇ ನಾಲ್ಕೈದು ದಿನ ಚೆನ್ನಾಗಿ ತಿನ್ನಲಿ.

ಆಮೇಲೂ ಬೆರೆಸುವ ಆತುರ ಬೇಡ. ಮೊದಲ ಮೂರು ನಾಲ್ಕು ದಿನ ಹಳೆಯ ಊಟದ ಪಕ್ಕದಲ್ಲಿ ಇನ್ನೊಂದು ಸಾಸರ್‌ನಲ್ಲಿ ಅರ್ಧ ಚಮಚ ಹೊಸದನ್ನು ಇಡಿ. ತಿನ್ನದಿದ್ದರೂ ವಾಸನೆ ಪರಿಚಯವಾಗಲಿ. ಮೊದಲ ದಿನವೇ ಬೆರೆಸಿದರೆ ಸಂಶಯ ಬಂದು ಹಳೆಯದನ್ನೂ ಬಿಡುವ ಬೆಕ್ಕುಗಳಿವೆ, ಆಗ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನಂತರ, ದಿನಕ್ಕೆ 50 ಗ್ರಾಂ ತಿನ್ನುವ ಬೆಕ್ಕಾದರೆ ಮೊದಲ ವಾರ ಹಳೆಯದು 45, ಹೊಸದು 5. ಎರಡನೇ ವಾರ 40 ಮತ್ತು 10. ಮೂರನೇ ವಾರ 30 ಮತ್ತು 20. ನಾಲ್ಕನೇ ವಾರ 20 ಮತ್ತು 30, ಐದನೇ ವಾರ 10 ಮತ್ತು 40. ಪ್ಯಾಕೆಟ್ ಮೇಲೆ ಒಂದು ವಾರ ಎಂದು ಬರೆದಿದ್ದರೂ ಮುದಿ ಬೆಕ್ಕಿಗೆ ಐದಾರು ವಾರ ಹಿಡಿಯಲಿ, ನಷ್ಟವಿಲ್ಲ. ಎರಡು ದಿನ ಸತತವಾಗಿ ಮುಕ್ಕಾಲು ಪಾಲಿಗಿಂತ ಕಡಿಮೆ ತಿಂದರೆ ಹಿಂದಿನ ವಾರದ ಅಳತೆಗೆ ಇಳಿದು ನಾಲ್ಕು ದಿನ ಅಲ್ಲೇ ನಿಲ್ಲಿ.

ವಯಸ್ಸಾದ ಬೆಕ್ಕಿಗೆ ಮೂಗು ಮಂದವಾಗುತ್ತದೆ. ವಾಸನೆ ಬಾರದ ಊಟ ಅದಕ್ಕೆ ಊಟವೇ ಅಲ್ಲ. ವೆಟ್ ಫುಡ್ ಅನ್ನು ಬೆಕ್ಕಿನ ಮೈಬಿಸಿಗೆ, ಸುಮಾರು 38 ಡಿಗ್ರಿಗೆ, ತನ್ನಿ. ಪೌಚ್ ಒಡೆಯದೆ ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಮುಳುಗಿಸಿಟ್ಟರೆ ಸಾಕು. ಮೈಕ್ರೋವೇವ್‌ನಲ್ಲಿ ಒಂದು ಕಡೆ ಸುಡುವಷ್ಟು ಬಿಸಿ, ಇನ್ನೊಂದು ಕಡೆ ತಣ್ಣಗೆ ಆಗುತ್ತದೆ. ಕೊಡುವ ಮೊದಲು ಕಲಕಿ, ಮಣಿಕಟ್ಟಿಗೆ ಮುಟ್ಟಿಸಿ ನೋಡಿ. ಒಮ್ಮೆಗೆ ಒಂದೂವರೆ ಚಮಚದಂತೆ ದಿನಕ್ಕೆ ಐದಾರು ಸಲ ಬಡಿಸಿ. ಬೇಸಿಗೆಯಲ್ಲಿ ಅರ್ಧ ಗಂಟೆಯಾದ ಮೇಲೆ ಉಳಿದದ್ದನ್ನು ಎಸೆಯಿರಿ. ಹುಳಿ ವಾಸನೆ ಬಂದ ತಟ್ಟೆಯಿಂದಲೇ ಎಷ್ಟೋ ಬೆಕ್ಕುಗಳು ಆ ಊಟದ ಮೇಲೆ ಮುನಿಸಿಕೊಳ್ಳುತ್ತವೆ. ತೆರೆದ ಪೌಚ್ ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ಎರಡು ದಿನ. ದಿನವಿಡೀ ಇಡುವ ಡ್ರೈ ಫುಡ್‌ಗೆ ಇರುವೆ ಮುತ್ತುತ್ತವೆ. ಅಗಲ ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ ನಡುವೆ ಸಾಸರ್ ಇಡಿ. ಇರುವೆಪುಡಿ, ಲಕ್ಷ್ಮಣರೇಖೆ ಊಟದ ಹತ್ತಿರ ಬೇಡ.

ಮೇಲಿಂದ ಹಾಕುವ ರುಚಿ

ದಿನದ ಕ್ಯಾಲೊರಿಯ ಹತ್ತನೇ ಒಂದು ಪಾಲು, ಅಂದರೆ ನಾಲ್ಕು ಕಿಲೋ ಬೆಕ್ಕಿಗೆ 20 ಕಿಲೋಕ್ಯಾಲೊರಿ ಮೀರದಂತೆ, ಬೇರೆ ರುಚಿ ಸೇರಿಸಬಹುದು. ಎಲ್ಲಕ್ಕಿಂತ ಒಳ್ಳೆಯದು ಬೇಯಿಸಿದ ಮೊಟ್ಟೆಯ ಬಿಳಿ: ಒಳ್ಳೆಯ ಪ್ರೋಟೀನ್, ಫಾಸ್ಫರಸ್ ತೀರಾ ಕಡಿಮೆ. ಹಳದಿ ಬೇಡ, ಅದರಲ್ಲಿ ಫಾಸ್ಫರಸ್ ತುಂಬಿರುತ್ತದೆ. ಕಾಲು ಚಮಚ ಬೆಚ್ಚಗಿನ ತುಪ್ಪ ಸುಮಾರು 11 ಕಿಲೋಕ್ಯಾಲೊರಿ, ವಾಸನೆಯೂ ಜೋರು. ಮೊಟ್ಟೆ, ಮಾಂಸ ಬೇಯಿಸದ ಮನೆಗೆ ಇದೇ ಅನುಕೂಲ. ಮೇದೋಜೀರಕದ ತೊಂದರೆ ಇದ್ದ ಬೆಕ್ಕಿಗೆ ಮಾತ್ರ ವೈದ್ಯರನ್ನು ಕೇಳಿ ಹಾಕಿ.

ಕರಾವಳಿಯ ಬೆಕ್ಕು ಬಂಗುಡೆ, ಭೂತಾಯಿ ತಿಂದೇ ಬೆಳೆದಿರುತ್ತದೆ. ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು, ಉಗುರಿನಷ್ಟು ಮೀನನ್ನು ಪಥ್ಯದ ಮೇಲೆ ಉದುರಿಸಿ. ತಲೆ, ಮುಳ್ಳು ಬೇಡ, ಫಾಸ್ಫರಸ್ ಹೆಚ್ಚಾಗಿ ಇರುವುದು ಮೂಳೆಯಲ್ಲಿ. ಹಸಿ ಮೀನೂ ಬೇಡ, ಕೆಲವು ಹಸಿ ಮೀನುಗಳು ಬಿ1 ಜೀವಸತ್ವವನ್ನು ನಾಶಮಾಡುತ್ತವೆ. ಕೋಳಿ ಬೇಯಿಸಿದ ನೀರಿಗೆ ಮಾಂಸದ ಫಾಸ್ಫರಸ್ ಇಳಿದಿರುತ್ತದೆ, ಆದ್ದರಿಂದ ಒಂದು ಚಮಚ ಮಾತ್ರ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಒಂದು ಹನಿಯೂ ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಜೀವನವಿಡೀ ಹಾಲು ಅನ್ನ, ಮೊಸರನ್ನ ತಿಂದ ಬೆಕ್ಕನ್ನು ಪಥ್ಯಕ್ಕೆ ತರುವುದು ಎಲ್ಲಕ್ಕಿಂತ ಕಷ್ಟ. ಇಲ್ಲಿ ತೊಂದರೆ ಕೊಡುವುದು ಹಾಲಿನ ಫಾಸ್ಫರಸ್. ಅನ್ನದಲ್ಲಿ ಅದು ಕಡಿಮೆಯೇ, ಆದರೆ ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅದರಲ್ಲಿ ಇಲ್ಲ. ಅನ್ನವನ್ನು ಮೆತ್ತಗೆ ಹಿಸುಕಿ, ಹಾಲಿಗೆ ವಾರವಾರ ನೀರು ಹೆಚ್ಚಿಸಿ. ಜೊತೆಗೆ ರೀನಲ್ ಪೌಚ್‌ನ ಗ್ರೇವಿಯನ್ನು ಕಾಲು ಚಮಚದಿಂದ ಶುರು ಮಾಡಿ. ಗ್ರೇವಿ ಒಗ್ಗಿದ ಮೇಲೆ ತುಂಡುಗಳನ್ನು ಹಿಸುಕಿ ಸೇರಿಸಿ. ಅನ್ನ ತಟ್ಟೆಯಿಂದ ಹೋಗಲು ಎರಡು ತಿಂಗಳು ಹಿಡಿದರೂ ಸರಿ.

ಔಷಧ ಮತ್ತು ಊಟ

ಕಹಿ ಮಾತ್ರೆಯನ್ನು ಪೂರ್ತಿ ಊಟದಲ್ಲಿ ಬೆರೆಸಬೇಡಿ, ಒಮ್ಮೆ ಸಿಕ್ಕಿಬಿದ್ದರೆ ಊಟದ ಮೇಲಿನ ನಂಬಿಕೆ ಹೋಗುತ್ತದೆ. ಮಾತ್ರೆಗೆ ಬೇರೆ ಹೊತ್ತು, ಬೇರೆ ಜಾಗ. ಫಾಸ್ಫರಸ್ ಹಿಡಿಯುವ ಔಷಧ ಮಾತ್ರ ಇದಕ್ಕೆ ಹೊರತು. ಅದು ಊಟದ ಫಾಸ್ಫರಸ್ ಅನ್ನು ಹೊಟ್ಟೆಯಲ್ಲೇ ಹಿಡಿಯಬೇಕು, ಹಾಗಾಗಿ ಊಟದ ಜೊತೆಗೇ ಹೋಗಬೇಕು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿಗೆ ಹೆಚ್ಚು ರುಚಿಯಿಲ್ಲ, ವೆಟ್ ಫುಡ್‌ನಲ್ಲಿ ಸೇರಿಹೋಗುತ್ತದೆ. ಅಂಗಡಿಯ ಪುದೀನಾ ಪರಿಮಳದ ಆಸಿಡಿಟಿ ಜೆಲ್ ಅದಕ್ಕೆ ಬದಲಿ ಅಲ್ಲ. ಅದರಲ್ಲಿ ಮೆಗ್ನೀಸಿಯಂ ಇರುತ್ತದೆ, ಆ ವಾಸನೆಗೆ ಬೆಕ್ಕು ಹತ್ತಿರವೂ ಬರುವುದಿಲ್ಲ.

ಸಿರಿಂಜ್‌ನಲ್ಲಿ ಒತ್ತಾಯದಿಂದ ಉಣಿಸುವುದು ಪ್ರೀತಿಯಿಂದಲೇ ಮಾಡುವ ಕೆಲಸ, ಆದರೆ ಊಟವನ್ನು ಕಂಡರೆ ಹೆದರುವಂತೆ ಮಾಡುತ್ತದೆ, ಶ್ವಾಸಕೋಶಕ್ಕೂ ಹೋಗಬಹುದು. ಔಷಧ ಕೊಟ್ಟೂ ಮೂರನೇ ದಿನ ಬೇಕಾದ್ದರಲ್ಲಿ ಅರ್ಧ ತಿನ್ನದಿದ್ದರೆ ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ಹಾಕುವ ಫೀಡಿಂಗ್ ಟ್ಯೂಬ್ ಬಗ್ಗೆ ವೈದ್ಯರನ್ನು ಕೇಳಿ. ಹೆಸರು ಕೇಳಿದರೆ ಭಯವಾಗುತ್ತದೆ, ಆದರೆ ಬೆಕ್ಕು ಅದನ್ನು ಇಟ್ಟುಕೊಂಡೇ ಓಡಾಡುತ್ತದೆ, ಬಾಯಿಯಿಂದಲೂ ತಿನ್ನುತ್ತದೆ. ನೀರು, ಔಷಧ, ಊಟ ಮೂರೂ ಜಗಳವಿಲ್ಲದೆ ಒಳಗೆ ಹೋಗುತ್ತವೆ.

ವಾರಕ್ಕೊಮ್ಮೆ, ಅದೇ ದಿನ ಅದೇ ಹೊತ್ತಿಗೆ, ಮಗುವಿನ ತೂಕ ನೋಡುವ ತಕ್ಕಡಿಯಲ್ಲಿ ಬೆಕ್ಕನ್ನು ತೂಗಿ ಬರೆದಿಡಿ. ನಾಲ್ಕು ಕಿಲೋ ಬೆಕ್ಕು ಒಂದು ತಿಂಗಳಲ್ಲಿ 200 ಗ್ರಾಂ ಇಳಿದರೆ ತಡಮಾಡದೆ ತೋರಿಸಿ, ಉದ್ದ ಕೂದಲಿನ ಬೆಕ್ಕಿನಲ್ಲಿ ಇದು ಕಣ್ಣಿಗೆ ಕಾಣುವುದೇ ಇಲ್ಲ. ಪಥ್ಯಕ್ಕೆ ಪೂರ್ತಿ ದಾಟಿ ನಾಲ್ಕರಿಂದ ಆರು ವಾರಕ್ಕೆ ರಕ್ತದ ಫಾಸ್ಫರಸ್ ಮತ್ತೆ ಪರೀಕ್ಷಿಸಿ. ಅದೂ ಮಿಲಿಗ್ರಾಂ/ಡೆಸಿಲೀಟರ್ ಲೆಕ್ಕದಲ್ಲೇ, ಎರಡನೇ ಹಂತದಲ್ಲಿ 4.6ಕ್ಕಿಂತ, ಮೂರನೆಯದರಲ್ಲಿ 5.0ಕ್ಕಿಂತ, ನಾಲ್ಕನೆಯದರಲ್ಲಿ 6.0ಕ್ಕಿಂತ ಕೆಳಗಿರಬೇಕು. ಅರ್ಧ ಪಥ್ಯಕ್ಕಿಂತ ಮುಂದೆ ಬರಲೊಪ್ಪದ ಬೆಕ್ಕುಗಳೂ ಇವೆ. ಅಂಥದ್ದಕ್ಕೆ ಅರ್ಧ ರೀನಲ್, ಅರ್ಧ ಅದಕ್ಕಿಷ್ಟವಾದ ವೆಟ್ ಫುಡ್, ಎರಡರ ಜೊತೆಗೂ ಫಾಸ್ಫರಸ್ ಹಿಡಿಯುವ ಪುಡಿ ಕೊಟ್ಟು ಅದೇ ಪರೀಕ್ಷೆಯಲ್ಲಿ ಅಂಕಿ ಎಲ್ಲಿದೆ ನೋಡಿ.