ಕರೆಂಟ್ ಹೋದ ತಕ್ಷಣ ಆರುತ್ತಿದ್ದ ಯುಪಿಎಸ್: ದೋಷ ಹುಡುಕಿದ ನನ್ನ ಅನುಭವ

ನಮ್ಮ ಮನೆಯ ಕಂಪ್ಯೂಟರಿಗೆ ಇರುವುದು 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್, ಅಂದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಪೆಟ್ಟಿಗೆ. ಕರೆಂಟ್ ಇರುವಷ್ಟು ಹೊತ್ತು ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಹಸಿರು ದೀಪ ಉರಿಯುತ್ತಿತ್ತು, ಬೀಪ್ ಸದ್ದೂ ಇರಲಿಲ್ಲ. ಕರೆಂಟ್ ಹೋದ ತಕ್ಷಣ ಮಾತ್ರ ಒಂದು ಸಲ ಕೂಗಿ ಆರಿಹೋಗುತ್ತಿತ್ತು. ಅದರ ಜೊತೆಗೆ ಕಂಪ್ಯೂಟರೂ ಆಫ್.

ಇಂಥ ತೊಂದರೆ ಬಂದಾಗ ಬಹಳ ಜನ ಸುಮ್ನೆ ಹೊಸ ಬ್ಯಾಟರಿ ತಂದು ಹಾಕುತ್ತಾರೆ. ಅನೇಕ ಸಲ ಅದೇ ಸರಿಯಾದ ರಿಪೇರಿಯೂ ಹೌದು. ಆದರೆ ಬ್ಯಾಟರಿ ಕೆಡಲು ಕಾರಣ ಚಾರ್ಜರ್ ಆಗಿದ್ದರೆ ಹೊಸದೂ ಬೇಗನೆ ಕೆಡುತ್ತದೆ. ಅದಕ್ಕೇ ತೊಂದರೆ ಇರುವುದು ಲೋಡಿನಲ್ಲೋ (ಯುಪಿಎಸ್‌ನಿಂದ ಕರೆಂಟ್ ಎಳೆಯುವ ಸಾಧನಗಳಲ್ಲೋ), ಬ್ಯಾಟರಿಯಲ್ಲೋ, ಚಾರ್ಜರಿನಲ್ಲೋ ಎಂದು ಬೇರೆ ಬೇರೆಯಾಗಿ ನೋಡಿದ ಮೇಲೇ ದುಡ್ಡು ಖರ್ಚು ಮಾಡಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೊದಲು ಲೋಡ್. 600 ವಿಎ ಅಂದರೆ 600 ವ್ಯಾಟ್ ಅಲ್ಲ. ನನ್ನ ಯುಪಿಎಸ್ ಹಿಂಬದಿಯಲ್ಲೇ 360 ವ್ಯಾಟ್ ಎಂದು ಬರೆದಿದೆ. ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ಇಟ್ಟು ನೋಡಿದರೆ, ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ ಸಾಮಾನ್ಯ ಕೆಲಸಕ್ಕೆ ಸುಮಾರು 100 ವ್ಯಾಟ್ ಎಳೆಯುತ್ತಿದ್ದವು. ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಬಿದ್ದಾಗ 250ರ ಹತ್ತಿರ. ಅಂದರೆ ಲೋಡ್ ಮಿತಿಯೊಳಗೇ ಇತ್ತು. ನಿಮ್ಮ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಸೇರಿಸಿದ್ದರೆ ಮೊದಲು ಅದನ್ನು ತೆಗೆಯಿರಿ. ಅದರ ಹೀಟರ್ ಆನ್ ಆದಾಗ ಎಳೆಯುವ ಕರೆಂಟನ್ನು ಮನೆ ಬಳಕೆಯ ಸಣ್ಣ ಯುಪಿಎಸ್ ತಾಳುವುದಿಲ್ಲ.

ಆಮೇಲೆ ಕಂಪ್ಯೂಟರನ್ನು ಬಿಡಿಸಿ, ಇಡೀ ರಾತ್ರಿ ಚಾರ್ಜ್ ಆಗಲು ಬಿಟ್ಟೆ. ಬೆಳಿಗ್ಗೆ ಯುಪಿಎಸ್‌ಗೆ ಬರೀ ಒಂದು 60 ವ್ಯಾಟಿನ ಹಳೆ ಮಾದರಿಯ ಬಲ್ಬ್ ಸೇರಿಸಿ, ಗೋಡೆಯ ಸ್ವಿಚ್ ಆಫ್ ಮಾಡಿದೆ. ಈ ಪರೀಕ್ಷೆಗೆ ಪ್ಲಗ್ಗನ್ನೇ ಎಳೆಯಬೇಡಿ. ಸ್ವಿಚ್ ಆರಿಸಿದರೆ ಅರ್ತ್ ವೈರ್ ಜೋಡಣೆಯಲ್ಲೇ ಉಳಿಯುತ್ತದೆ, ಪ್ಲಗ್ ಎಳೆದರೆ ಅದೂ ತಪ್ಪಿಹೋಗುತ್ತದೆ. ಬಲ್ಬ್ ತಕ್ಷಣ ಆರಲಿಲ್ಲ, ಆದರೆ ಒಂದೆರಡು ನಿಮಿಷ ಮಾತ್ರ ಉರಿಯಿತು. ಇಷ್ಟು ಸಣ್ಣ ಲೋಡನ್ನು ಒಳ್ಳೆಯ ಬ್ಯಾಟರಿ ಸುಮಾರು ಅರ್ಧ ಗಂಟೆಯಾದರೂ ನಡೆಸಬೇಕು. ಬಲ್ಬ್ ಉರಿದಿದ್ದರಿಂದ ಒಳಗಿನ ಇನ್ವರ್ಟರ್ (ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನಂತೆ ಮಾಡುವ ಭಾಗ) ಮತ್ತು ರಿಲೇ (ಮೇನ್ಸ್‌ನಿಂದ ಬ್ಯಾಟರಿಗೆ ಬದಲಿಸುವ ಸ್ವಿಚ್) ಕೆಲಸ ಮಾಡುತ್ತಿವೆ ಎಂದು ಗೊತ್ತಾಯಿತು. ಬೇಗ ಆರಿದ್ದರಿಂದ ಅನುಮಾನ ಬ್ಯಾಟರಿಯ ಮೇಲೆ ಬಿತ್ತು.

ಇನ್ನು ಮುಚ್ಚಳ ತೆಗೆಯುವ ಕೆಲಸ. ಇಲ್ಲಿ ಅವಸರ ಬೇಡವೇ ಬೇಡ. ಯುಪಿಎಸ್ ಆಫ್ ಮಾಡಿ, ಈಗ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಕಾಯಬೇಕು. ಪ್ಲಗ್ ಕಿತ್ತರೂ ಬ್ಯಾಟರಿ ಒಳಗೇ ಇರುತ್ತದೆ, ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್‌ಗಳಲ್ಲೂ ಚಾರ್ಜ್ ಉಳಿದಿರಬಹುದು. ಉಂಗುರ, ಬಳೆ, ವಾಚು ತೆಗೆದಿಡಿ. 12 ವೋಲ್ಟ್ ನಮಗೆ ಶಾಕ್ ಹೊಡೆಯದಿರಬಹುದು, ಆದರೆ ಎರಡು ಟರ್ಮಿನಲ್‌ಗಳ ನಡುವೆ ಲೋಹ ಸಿಕ್ಕಿದರೆ ಅದು ಕಾದು ಚರ್ಮ ಸುಡುತ್ತದೆ. ಕೆಂಪು ವೈರ್ ಎಲ್ಲಿ, ಕಪ್ಪು ಎಲ್ಲಿ ಎಂದು ಫೋಟೋ ತೆಗೆದುಕೊಂಡು ಎರಡನ್ನೂ ಬಿಡಿಸಿದೆ. ಬ್ಯಾಟರಿ ಉಬ್ಬಿರಲಿಲ್ಲ, ಸೋರಿರಲಿಲ್ಲ. ಉಬ್ಬಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಕಿಲ್ಲ, ಅದನ್ನು ಬದಲಾಯಿಸುವುದೇ ಸರಿ.

ಒಳಗಿದ್ದದ್ದು ಇಂಥ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 7 ಆಂಪಿಯರ್ ಅವರ್ ಸೀಲ್ಡ್ ಬ್ಯಾಟರಿ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟರೆ 12.8 ವೋಲ್ಟ್ ತೋರಿಸಿತು. ಚಾರ್ಜ್ ಆದ ಹೊಸ ಬ್ಯಾಟರಿಯೂ ಹೆಚ್ಚುಕಡಿಮೆ ಇಷ್ಟೇ ತೋರಿಸುತ್ತದೆ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿ, ಬ್ಯಾಟರಿ ಚೆನ್ನಾಗಿದೆ, ಯುಪಿಎಸ್ ಬೋರ್ಡೇ ಹೋಗಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಮೀಟರಿನ ಈ ಅಂಕಿಯೊಂದನ್ನೇ ನಂಬಬೇಡಿ ಎಂದು ಹೇಳುವುದಕ್ಕೇ ನಾನು ಮುಖ್ಯವಾಗಿ ಇದನ್ನು ಬರೆಯುತ್ತಿರುವುದು. ಲೋಡ್ ಇಲ್ಲದಾಗಿನ ವೋಲ್ಟೇಜ್ ಬ್ಯಾಟರಿಯ ಶಕ್ತಿಯನ್ನು ಹೇಳುವುದಿಲ್ಲ. ವಯಸ್ಸಾದಂತೆ ಒಳಗಿನ ತೇವ ಒಣಗುತ್ತದೆ, ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಒಳಗಿನ ಪ್ರತಿರೋಧ ಏರುತ್ತದೆ, ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು, ಅದರಲ್ಲಿ ಈ ದೋಷ ಕಾಣಿಸುವುದಿಲ್ಲ.

ಅದಕ್ಕೆ ಕಾರಿನ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ತಂದು ಬ್ಯಾಟರಿಗೆ ಸೇರಿಸಿದೆ. ಅದು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಮೀಟರ್ ನೋಡುತ್ತಿದ್ದಂತೆಯೇ 12.8 ಇದ್ದದ್ದು 11ರ ಕೆಳಗೆ ಹೋಯಿತು, ಇಳಿಯುತ್ತಲೇ ಇತ್ತು. ಈ ಲೋಡಿಗೆ ಒಳ್ಳೆಯ ಬ್ಯಾಟರಿ ಮೊದಲ ಕೆಲವು ನಿಮಿಷ 12ರ ಮೇಲೆಯೇ ನಿಲ್ಲುತ್ತದೆ. 250 ವ್ಯಾಟಿನ ಕಂಪ್ಯೂಟರ್ ನಡೆಸುವಾಗ ಯುಪಿಎಸ್ ಬ್ಯಾಟರಿಯಿಂದ 20 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಬ್ಯಾಟರಿ ಸುಮಾರು 10.5 ವೋಲ್ಟಿಗೆ ಇಳಿದರೆ ಯುಪಿಎಸ್ ತಾನಾಗಿಯೇ ಆಫ್ ಆಗುತ್ತದೆ. ಕರೆಂಟ್ ಹೋದ ತಕ್ಷಣ ಆರುತ್ತಿದ್ದದ್ದು ಯಾಕೆ ಎಂದು ಇಲ್ಲಿ ಸ್ಪಷ್ಟವಾಯಿತು. (ಈ ಬಲ್ಬಿನ ಗಾಜು ಬಹಳ ಬೇಗ ಕಾಯುತ್ತದೆ, ಮುಟ್ಟಬೇಡಿ.) ಇನ್ನೊಂದು ವಿಷಯ: ರಾತ್ರಿಯಿಡೀ ಚಾರ್ಜ್ ಮಾಡಿದ ಮೇಲೂ, ಲೋಡ್ ಇಲ್ಲದೆಯೇ ಹತ್ತೂವರೆಯ ಆಸುಪಾಸಿನಲ್ಲಿ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ ಎಂದೇ ತಿಳಿಯಬಹುದು.

ಹೊಸ ಬ್ಯಾಟರಿ ಹಾಕಿದೆ, ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಚಾರ್ಜರ್ ನೋಡಬೇಕಿತ್ತು, ಅಲ್ವಾ? ಕೆಲವು ಯುಪಿಎಸ್‌ಗಳಲ್ಲಿ ಬ್ಯಾಟರಿಯ ವೈರ್ ಕೂಡ ಮನೆಯ ಮೇನ್ಸ್‌ನಿಂದ ಪೂರ್ತಿ ಬೇರೆಯಾಗಿರುವುದಿಲ್ಲ, ಮುಟ್ಟಿದರೆ ಶಾಕ್ ಹೊಡೆಯಬಹುದು. ಹಾಗಾಗಿ ಎಲ್ಲವೂ ಆಫ್ ಇರುವಾಗಲೇ ಮೀಟರಿನ ಕ್ಲಿಪ್‌ಗಳನ್ನು ಟರ್ಮಿನಲ್‌ಗೆ ಸಿಕ್ಕಿಸಿದೆ, ಕೈ ಹಿಂದೆ ತೆಗೆದೆ, ಆಮೇಲೆ ಕರೆಂಟ್ ಕೊಟ್ಟೆ. ಯಾವುದನ್ನೂ ಮುಟ್ಟದೆ ದೂರದಿಂದಲೇ ಓದಿಕೊಂಡೆ. ಬಿಚ್ಚುವಾಗಲೂ ಮೊದಲು ಪ್ಲಗ್ ಕಿತ್ತು, ಆಮೇಲೆ ಕ್ಲಿಪ್. ಚಾರ್ಜ್ ತುಂಬಿದ ಮೇಲೆ 13.6 ವೋಲ್ಟಿನಲ್ಲಿ ನಿಂತಿತು. 13.5ರಿಂದ 13.8ರೊಳಗೆ ಇದ್ದರೆ ಸರಿ. 14.5 ದಾಟಿ ಅಲ್ಲೇ ನಿಂತರೆ ಚಾರ್ಜರ್ ಬ್ಯಾಟರಿಯನ್ನು ಒಣಗಿಸುತ್ತಿದೆ ಎಂದರ್ಥ. ಎಷ್ಟು ಹೊತ್ತಾದರೂ 13ರ ಕೆಳಗೇ ಇದ್ದರೆ ಚಾರ್ಜ್ ಆಗುತ್ತಲೇ ಇಲ್ಲ. ಆ ಎರಡು ತೊಂದರೆಗಳಿಗೆ ಮಾತ್ರ ರಿಪೇರಿ ಗೊತ್ತಿರುವವರ ಹತ್ತಿರ ಹೋಗಿ, ಬೋರ್ಡಿಗೆ ನೀವಾಗಿ ಕೈ ಹಾಕಬೇಡಿ.

ಹಾಗಾದರೆ ನನ್ನ ಹಳೆ ಬ್ಯಾಟರಿ ಯಾಕೆ ಕೆಟ್ಟಿತು? ಒಂದು, ವಯಸ್ಸು. ಇವುಗಳ ಆಯಸ್ಸು ಸಾಮಾನ್ಯವಾಗಿ 3ರಿಂದ 5 ವರ್ಷ. ಎರಡು, ಬಿಸಿ. ಕಂಪ್ಯೂಟರ್ ಕ್ಯಾಬಿನೆಟ್ ಹಿಂದಿನ ಫ್ಯಾನಿನ ಬಿಸಿಗಾಳಿ ನೇರವಾಗಿ ಯುಪಿಎಸ್ ಮೇಲೆ ಬೀಳುತ್ತಿತ್ತು. ಬ್ಯಾಟರಿಯ ಬಿಸಿ 25 ಡಿಗ್ರಿಗಿಂತ ಹತ್ತು ಡಿಗ್ರಿ ಏರಿದರೆ ಅದರ ಆಯಸ್ಸು ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಈಗ ಯುಪಿಎಸ್ಸನ್ನು ಮೇಜಿನ ಇನ್ನೊಂದು ಬದಿಗೆ ಇಟ್ಟಿದ್ದೇನೆ.

ನನ್ನ ತಮ್ಮನ ಕಂಪ್ಯೂಟರಿನದು ಬೇರೆಯೇ ಕಥೆ. ಬಲ್ಬ್ ಪರೀಕ್ಷೆಯಲ್ಲಿ ಯುಪಿಎಸ್ ಪಾಸು, ಬ್ಯಾಟರಿಯೂ ಗಟ್ಟಿ. ಆದರೂ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಅದರ ಪವರ್ ಸಪ್ಲೈ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಮೇನ್ಸ್ ಅಲೆಗೆ ಹೊಂದಿಸಿ ಎಳೆಯುವ ಸರ್ಕ್ಯೂಟ್) ಇರುವಂಥದ್ದು. ಕಡಿಮೆ ಬೆಲೆಯ ಯುಪಿಎಸ್‌ಗಳು ಬ್ಯಾಟರಿಯಲ್ಲಿ ನಡೆಯುವಾಗ ಕೊಡುವ ಮೆಟ್ಟಿಲು ಮೆಟ್ಟಿಲಾದ ಅಲೆ ಇಂಥ ಕೆಲವು ಸಪ್ಲೈಗಳಿಗೆ ಒಗ್ಗುವುದಿಲ್ಲ. ಮೇನ್ಸ್‌ನಂತೆಯೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ ಹಾಕಿದ ಮೇಲೆ ಸರಿಹೋಯಿತು. ಅಲ್ಲಿ ಹೊಸ ಬ್ಯಾಟರಿ ಹಾಕಿದ್ದರೆ ದಂಡವಾಗುತ್ತಿತ್ತು.

ಹಳೆ ಬ್ಯಾಟರಿಯನ್ನು ಕಸಕ್ಕೆ ಹಾಕಬೇಡಿ, ಅದರಲ್ಲಿ ಸೀಸವೂ ಆಸಿಡ್ಡೂ ಇವೆ. ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ, ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ಬ್ಯಾಟರಿ ಅಂಗಡಿಗೆ ಕೊಡಿ.